ತೂಕದ ಗುರಿ ಬದಲಾದಾಗ ಹಸಿವು, ಕ್ಯಾಲೊರಿ ನಿಭಾಯಿಸುವ ಬಗೆ: ಮುದ್ದೆ-ಸಾರು ಉಣ್ಣುವವರಿಗೆ ಸಮಗ್ರ ಮಾರ್ಗದರ್ಶಿ

ಕಷ್ಟಪಟ್ಟು ಎಂಟು ಕೆ.ಜಿ. ಇಳಿಸಿದವರು ಮುಂದಿನ ಯುಗಾದಿಯೊಳಗೆ ಒಂಬತ್ತು ಕೆ.ಜಿ. ಏರಿಸಿಕೊಂಡಿರುವುದನ್ನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಯಾವ ಬೀದಿಯಲ್ಲಾದರೂ ನೋಡಬಹುದು. ಬಾಯಿ ಕಟ್ಟಲಾಗಲಿಲ್ಲ ಎಂದು ಜನ ಅವರನ್ನೇ ದೂರುತ್ತಾರೆ. ಆ ದೂರು ಸರಿಯಲ್ಲ. ನಾವು ಕ್ಯಾಲೆಂಡರ್ ನೋಡಿ ಗುರಿ ಬದಲಿಸುತ್ತೇವೆ, ಮೈಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಹಸಿವು ಕಳೆದ ಐದಾರು ತಿಂಗಳ ಲೆಕ್ಕವನ್ನೇ ಹಿಡಿದುಕೊಂಡಿರುತ್ತದೆ. ಇಳಿಸುವುದು, ನಿಲ್ಲಿಸುವುದು, ಏರಿಸುವುದು ಎಂಬ ಮೂರು ಗುರಿಗಳ ನಡುವೆ ದಾಟುವಾಗ ಊಟವನ್ನು ಒಂದೇ ದಿನದಲ್ಲಿ ತಿರುಗಿಸದೆ ಮೆಟ್ಟಿಲು ಮೆಟ್ಟಿಲಾಗಿ ಬದಲಿಸಬೇಕು. ಅದನ್ನು ನಮ್ಮ ಮನೆಯ ಊಟದಲ್ಲೇ ಮಾಡುವ ಕ್ರಮ ಇಲ್ಲಿದೆ.

ಯಾರು ಮೊದಲು ವೈದ್ಯರನ್ನು ಕೇಳಬೇಕು

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮಿಪಿರೈಡ್‌ನಂಥ ಸಕ್ಕರೆ ಮಾತ್ರೆ ನುಂಗುವವರು ಊಟ ಕಡಿಮೆ ಮಾಡಿ ಮಾತ್ರೆಯನ್ನು ಹಾಗೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅವರಿಗೆ ಬರುವ ಹಸಿವು, ನಡುಕ, ಬೆವರು ಬರೀ ಹಸಿವಾಗಿರದೆ ಇರಬಹುದು. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆಗ ಕ್ಯಾಲೊರಿ ಲೆಕ್ಕ ನೋಡಬಾರದು. ಬಸುರಿಯರು, ಬಾಣಂತಿಯರು, 18 ತುಂಬದವರು, ಕಿಡ್ನಿ ತೊಂದರೆ ಇರುವವರು, ಹಿಂದೆ ಊಟ ಬಿಟ್ಟು ಅಥವಾ ತಿಂದು ವಾಂತಿ ಮಾಡಿ ಕಾಯಿಲೆ ಬಿದ್ದವರು ಕೂಡ ತಾವಾಗಿಯೇ ಶುರು ಮಾಡಬೇಡಿ. ಪ್ರಯತ್ನವೇ ಇಲ್ಲದೆ ಆರೆಂಟು ತಿಂಗಳಲ್ಲಿ ಮೈತೂಕದ ನೂರಕ್ಕೆ 5 ಭಾಗ ಇಳಿದಿದ್ದರೆ ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆಯ ಪರೀಕ್ಷೆ ಮೊದಲು ಆಗಲಿ.

ಮೊದಲ ಎರಡು ವಾರ: ಏನೂ ಬದಲಿಸದೆ ಬರೆದಿಡಿ

ಬೇಕಾದ ಸಾಮಾನು ಮೂರೇ: ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ, ಮೈತೂಕದ ಯಂತ್ರ, ಒಂದು ನೋಟ್‌ಬುಕ್. ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮೊದಲು ತೂಕ ನೋಡಿ. ದಿನದ ಅಂಕಿಗೆ ಬೆಲೆ ಕೊಡಬೇಡಿ, ಏಳು ದಿನ ಕೂಡಿಸಿ ಏಳರಿಂದ ಭಾಗಿಸಿ ಬಂದದ್ದನ್ನು ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಹೆಚ್ಚಾಗಿದ್ದರೆ ಬೆಳಿಗ್ಗೆ ಒಂದು ಕೆ.ಜಿ.ವರೆಗೂ ಜಾಸ್ತಿ ಕಾಣಬಹುದು. ಮುಟ್ಟಿನ ಮುಂಚಿನ ದಿನಗಳಲ್ಲೂ ಹಾಗೇ. ಅದು ನೀರು. ಹೆಂಗಸರು ಈ ವಾರವನ್ನು ಹಿಂದಿನ ವಾರಕ್ಕೆ ಹೋಲಿಸುವುದಕ್ಕಿಂತ ಹಿಂದಿನ ತಿಂಗಳ ಇದೇ ವಾರಕ್ಕೆ ಹೋಲಿಸಿದರೆ ನಿಜ ಗೊತ್ತಾಗುತ್ತದೆ.

ಊಟ ಅಳೆಯುವುದರಲ್ಲಿ ಎಲ್ಲರೂ ಎಡವುವ ಜಾಗ ಮುದ್ದೆ. ‘ಒಂದು ಮುದ್ದೆ’ ಎಂಬುದು ಅಳತೆಯೇ ಅಲ್ಲ. ಒಂದು ಮನೆಯ ಮುದ್ದೆ 180 ಗ್ರಾಂ ಇದ್ದರೆ ಪಕ್ಕದ ಮನೆಯದು 350 ಗ್ರಾಂ ಇರುತ್ತದೆ. ನಿಮ್ಮ ಮನೆಯ ಮುದ್ದೆಯ ಲೆಕ್ಕ ಒಂದು ಸಲ ಹೀಗೆ ತೆಗೆಯಿರಿ. ಖಾಲಿ ಪಾತ್ರೆಯ ತೂಕ ಬರೆದುಕೊಳ್ಳಿ. ಹಿಟ್ಟನ್ನು ಹಾಕುವ ಮೊದಲೇ ತೂಗಿ, 400 ಗ್ರಾಂ ಅಂದುಕೊಳ್ಳಿ. ಕೋಲಿನಿಂದ ತಿರುವಿ, ಬೆಂದು, ಇಳಿಸಿದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. 1,150 ಗ್ರಾಂ ಬಂತು ಅನ್ನಿ. 400ನ್ನು 1,150ರಿಂದ ಭಾಗಿಸಿದರೆ 0.35. ಅಂದರೆ 200 ಗ್ರಾಂ ತೂಗುವ ಮುದ್ದೆಯಲ್ಲಿ 70 ಗ್ರಾಂ ಹಿಟ್ಟಿದೆ. ನೂರು ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ, ಹಾಗಾಗಿ ಆ ಮುದ್ದೆಗೆ 225. ಅದೇ ಪಾತ್ರೆಯಿಂದ 330 ಗ್ರಾಂನ ಮುದ್ದೆ ಕಟ್ಟಿದರೆ 370. ಹಿಟ್ಟು-ನೀರಿನ ಅಳತೆ ಮನೆಯಲ್ಲಿ ದಿನವೂ ಒಂದೇ ಇರುವುದರಿಂದ ಈ 0.35 ನಿಮಗೆ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ಅನ್ನಕ್ಕೂ ಇದೇ ಕ್ರಮ, ಅಕ್ಕಿಗೆ ನೂರು ಗ್ರಾಂಗೆ 355 ಹಿಡಿಯಿರಿ.

ಇನ್ನೊಂದು ಜಾಗ ಎಣ್ಣೆ. ಒಗ್ಗರಣೆಗೆ ಹಾಕುವಾಗ ಯಾರೂ ಅಳೆಯುವುದಿಲ್ಲ, ಅಳೆಯುವ ಗೋಜೂ ಬೇಡ. ಹೊಸ ಪ್ಯಾಕೆಟ್ ಒಡೆದ ದಿನ ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಮುಗಿದ ದಿನ ಇನ್ನೊಂದು. ನಾಲ್ಕು ಜನರ ಮನೆಯಲ್ಲಿ ಒಂದು ಲೀಟರ್ ಹತ್ತು ದಿನ ಬಂದರೆ ತಲೆಗೆ ದಿನಕ್ಕೆ 25 ಮಿ.ಲೀ., ಅಂದರೆ ಸುಮಾರು 205 ಕ್ಯಾಲೊರಿ. ಅದನ್ನು 15 ಮಿ.ಲೀ.ಗೆ ಇಳಿಸಿದರೆ ಮುದ್ದೆಯ ಒಂದು ತುತ್ತನ್ನೂ ಬಿಡದೆ 80 ಕ್ಯಾಲೊರಿ ಉಳಿಯಿತು. ತೆಂಗಿನ ಸೀಮೆಯವರು, ಅಂದರೆ ತಿಪಟೂರು, ತುರುವೇಕೆರೆ, ಗುಬ್ಬಿ ಕಡೆಯವರು, ಕಾಯಿಯನ್ನೂ ತೂಗಿ. ಒಂದು ಹಿಡಿ ಹಸಿ ಕಾಯಿತುರಿ 30 ಗ್ರಾಂ ಇದ್ದರೆ 120 ಕ್ಯಾಲೊರಿ. ಒಣ ಕೊಬ್ಬರಿಯಾದರೆ 10 ಗ್ರಾಂಗೇ 60.

ಉಳಿದವು ಬೇಗ ಬಾಯಿಪಾಠ ಆಗುತ್ತವೆ. ಮೊಟ್ಟೆ ಒಂದಕ್ಕೆ 70, ಟೋನ್ಡ್ ಹಾಲು 100 ಮಿ.ಲೀ.ಗೆ 58, ಸಕ್ಕರೆ ಚಮಚಕ್ಕೆ 20, ತೊಗರಿಬೇಳೆ ಅಥವಾ ಹುರುಳಿಕಾಳು ಒಣಗಿದ್ದು ನೂರು ಗ್ರಾಂಗೆ 330, ಹುರಿಗಡಲೆ ನೂರಕ್ಕೆ 370, ಕಡ್ಲೆಕಾಯಿ ಬೀಜ ಒಂದು ಹಿಡಿ 30 ಗ್ರಾಂಗೆ 160. ಹೋಟೆಲಿನ ತಿಂಡಿಗೆ ಅಂದಾಜೇ ಗತಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಒಂದು ಸಲ ಪಾರ್ಸಲ್ ತಂದು ಮನೆಯಲ್ಲಿ ತೂಗಿ ನೋಡಿ. ಮೇಲೆ ಇಡುವ ಬೆಣ್ಣೆ 10 ಗ್ರಾಂ ಇದ್ದರೆ ಅದೊಂದೇ 75.

ನಿಮ್ಮ ಅಂಕಿ ಹುಡುಕುವುದು

1990ರಿಂದ ಬಳಕೆಯಲ್ಲಿರುವ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಸಾಕು. ತೂಕವನ್ನು (ಕೆ.ಜಿ.) 10ರಿಂದ ಗುಣಿಸಿ, ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ವಯಸ್ಸಿನ ಐದು ಪಟ್ಟನ್ನು ಕಳೆಯಿರಿ. ಗಂಡಸರು 5 ಕೂಡಿಸಿ, ಹೆಂಗಸರು 161 ಕಳೆಯಿರಿ. ಇದು ಹಾಸಿಗೆಯಲ್ಲಿ ಮಲಗಿದ್ದರೂ ಖರ್ಚಾಗುವ ಶಕ್ತಿ. ಕೂತು ಕೆಲಸ ಮಾಡುವವರು 1.2ರಿಂದ, ನಿಂತು ಓಡಾಡುವವರು 1.375ರಿಂದ, ದಿನವೂ ಮೈಬಗ್ಗಿಸಿ ದುಡಿಯುವವರು 1.55ರಿಂದ 1.7ರವರೆಗೆ ಗುಣಿಸಬೇಕು.

ಗಾರ್ಮೆಂಟ್ಸ್‌ನಲ್ಲಿ ನಿಂತು ಕೆಲಸ ಮಾಡುವ 35ರ ಮಹಿಳೆ, 155 ಸೆಂ.ಮೀ., 68 ಕೆ.ಜಿ. ಎಂದಿಟ್ಟುಕೊಳ್ಳಿ. 680 + 969 – 175 – 161, ಅಂದರೆ 1,313. ಅದನ್ನು 1.375ರಿಂದ ಗುಣಿಸಿದರೆ ಸುಮಾರು 1,800. ತೂಕ ಇದ್ದಂತೆ ಇರಲು ಅವರಿಗೆ ಬೇಕಾದದ್ದು ಇಷ್ಟು. ಸೂತ್ರ ನೂರಿನ್ನೂರು ಆಚೀಚೆ ಆಗುತ್ತದೆ, ಹಾಗಾಗಿ ಎರಡು ವಾರದ ನೋಟ್‌ಬುಕ್ ಜೊತೆ ಹೋಲಿಸಿ. ದಿನಕ್ಕೆ 1,950 ತಿಂದೂ ತೂಕ ಕದಲದಿದ್ದರೆ ನಿಮ್ಮ ಅಂಕಿ 1,950. ಸೂತ್ರಕ್ಕೂ ನೋಟ್‌ಬುಕ್‌ಗೂ ತಾಳೆ ಆಗದಿದ್ದರೆ ನೋಟ್‌ಬುಕ್ಕನ್ನು ನಂಬಿ.

ಇಳಿಸಬೇಕೇ ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ಭಾರತೀಯರಿಗೆ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ ಬಂದ ಅಂಕಿ) 18.5ರಿಂದ 22.9 ಸರಿ, 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಬಿಎಂಐ 20 ಇರುವವರು ಮದುವೆ ಫೋಟೊಗಾಗಿ ಇನ್ನೂ ಇಳಿಸಲು ಹೊರಟರೆ ಹಸಿವು ಬಿಡದೆ ಕಾಡುತ್ತದೆ, ಕಾಡಬೇಕಾದ್ದೇ.

ಇಳಿಸುವಾಗ

ದಿನಕ್ಕೆ 400 ಕಡಿಮೆ ಮಾಡಿ, 500ರ ಗೆರೆ ದಾಟಬೇಡಿ. ಮೇಲಿನ ಉದಾಹರಣೆಯವರಿಗೆ 1,400. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ, ಆದ್ದರಿಂದ ವಾರಕ್ಕೆ 300ರಿಂದ 350 ಗ್ರಾಂ ಇಳಿದರೆ ಸರಿಯಾಗಿ ನಡೆಯುತ್ತಿದೆ. ವಾರಕ್ಕೆ ಒಂದೂವರೆ ಕೆ.ಜಿ. ಮೀರಿ ಇಳಿಸುವವರಿಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಹೆಚ್ಚು, ಮಾಂಸಖಂಡವೂ ಕರಗುತ್ತದೆ.

ಆ 1,400ರಲ್ಲಿ ಹೊಟ್ಟೆ ತುಂಬಿಸುವುದೇ ಕಲೆ. ಒಂದು ದಿನ ಹೀಗೆ ಕಟ್ಟಬಹುದು. ಬೆಳಿಗ್ಗೆ ಒಂದು ಚಮಚ ಸಕ್ಕರೆ, 100 ಮಿ.ಲೀ. ಹಾಲಿನ ಕಾಫಿ (80). ತಿಂಡಿಗೆ 40 ಗ್ರಾಂ ಹಿಟ್ಟಿನ ರಾಗಿ ರೊಟ್ಟಿ, ಒಂದು ಚಮಚ ಎಣ್ಣೆ, ಎರಡು ಮೊಟ್ಟೆ (315). ಮಧ್ಯಾಹ್ನ 200 ಗ್ರಾಂ ಮುದ್ದೆ, 40 ಗ್ರಾಂ ಕಾಳಿನ ಬಸ್ಸಾರು, ಅದರದೇ ಸೊಪ್ಪು-ಕಾಳಿನ ಪಲ್ಯ ಧಾರಾಳವಾಗಿ, ಒಂದೂವರೆ ಚಮಚ ಎಣ್ಣೆ, 10 ಗ್ರಾಂ ಕಾಯಿ, 100 ಗ್ರಾಂ ಮೊಸರಿನ ಮಜ್ಜಿಗೆ (560). ಸಂಜೆ 25 ಗ್ರಾಂ ಹುರಿಗಡಲೆ, ಒಂದು ಸೀಬೆಹಣ್ಣು (140). ರಾತ್ರಿ 40 ಗ್ರಾಂ ಅಕ್ಕಿಯ ಅನ್ನ, 20 ಗ್ರಾಂ ಬೇಳೆಯ ಸಾರು, 20 ಗ್ರಾಂ ಒಣ ಸೋಯಾ ಚಂಕ್ಸ್ ಹಾಕಿದ ಪಲ್ಯ, ಒಂದು ಚಮಚ ಎಣ್ಣೆ (325). ಒಟ್ಟು 1,420, ಪ್ರೋಟೀನ್ 60 ಗ್ರಾಂ ಆಸುಪಾಸು.

ಪ್ರೋಟೀನನ್ನು ಗುರಿತೂಕದ ಕೆ.ಜಿ.ಗೆ ಒಂದು ಗ್ರಾಂಗಿಂತ ಇಳಿಸಬೇಡಿ. ಭಾರ ಎತ್ತಿ ವ್ಯಾಯಾಮ ಮಾಡುವವರಿಗೆ 1.2ರಿಂದ 1.6 ಬೇಕು. ಹಸಿವನ್ನು ಹೆಚ್ಚು ಹೊತ್ತು ತಡೆಯುವುದು ಅದೇ. ನಮ್ಮ ಕಡೆಯ ಊಟದ ಕೊರತೆಯೂ ಅದೇ: ತಿಳಿಸಾರಿನ ಜೊತೆ ದೊಡ್ಡ ಮುದ್ದೆ, ಮೇಲೆ ಎರಡು ಸಲ ಅನ್ನ, ತಟ್ಟೆಯಲ್ಲಿ ಕಾಳು ಹುಡುಕಬೇಕು. ಮುದ್ದೆ ಬಿಟ್ಟು ಚಪಾತಿ ಹಿಡಿಯಿರಿ, ಓಟ್ಸ್ ತಿನ್ನಿ ಎನ್ನುವ ಸಲಹೆಯನ್ನು ಕೇಳಬೇಡಿ. ರಾಗಿಯಲ್ಲಿ ನೂರು ಗ್ರಾಂಗೆ 11 ಗ್ರಾಂ ನಾರಿದೆ, ಅಕ್ಕಿಯಲ್ಲಿ ಮೂರೂ ಇಲ್ಲ. ಕಡಿಮೆ ಆಗಬೇಕಾದ್ದು ಮುದ್ದೆಯ ಗಾತ್ರ ಮತ್ತು ಎರಡನೇ ಸಲದ ಅನ್ನ. ಸೌಟಿನಲ್ಲಿ ಹೆಚ್ಚಾಗಬೇಕಾದ್ದು ಕಾಳು.

ಮುದ್ದೆಗೆ ಒಂದು ವಿಶೇಷ ತೊಡಕಿದೆ. ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಐದು ನಿಮಿಷದಲ್ಲಿ ತಟ್ಟೆ ಖಾಲಿ. ಸಾಕು ಎಂಬ ಸಂಕೇತ ಕರುಳಿನಿಂದ ಮಿದುಳಿಗೆ ಹೋಗಿ ಸೇರಲು ಹದಿನೈದಿಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಅನ್ನ ಬಡಿಸಿ ಆಗಿರುತ್ತದೆ. ಆದ್ದರಿಂದ ಬಡಿಸುವ ಕ್ರಮ ಬದಲಿಸಿ. ಮೊದಲು ಒಂದು ಲೋಟ ಬಿಸಿ ಕಟ್ಟು ಅಥವಾ ಉಪ್ಪುಸಾರು ಕುಡಿಯಿರಿ. ಆಮೇಲೆ ಪಲ್ಯ, ಸೌತೆಕಾಯಿ, ಮೂಲಂಗಿ ಅಗಿದು ತಿನ್ನಿ. ಮುದ್ದೆ ಆಮೇಲೆ ಬರಲಿ. ಅದನ್ನೂ ನಿಂಬೆಹಣ್ಣಿನ ಗಾತ್ರದ ಬದಲು ನೆಲ್ಲಿಕಾಯಿ ಗಾತ್ರದಲ್ಲಿ ಮುರಿದು, ಪ್ರತಿ ತುತ್ತಿಗೂ ಸಾರಿನ ಕಾಳು ಸೇರಿಸಿಕೊಳ್ಳಿ. ಮುದ್ದೆ ಮುಗಿದ ಮೇಲೆ ಮಜ್ಜಿಗೆ ಕುಡಿದು ಹತ್ತು ನಿಮಿಷ ಕೂತು, ಅನ್ನ ಬೇಕೇ ಎಂದು ಆಗ ಕೇಳಿಕೊಳ್ಳಿ. ಡಿಸೆಂಬರ್-ಜನವರಿಯಲ್ಲಿ ಅವರೆಕಾಯಿ ಸುಗ್ಗಿ ಬಂದಾಗ ಈ ಊಟ ತೀರ ಸುಲಭ. ಹಿದುಕಿದ ಬೇಳೆಗೆ ಸೊಗಡೂ ಇದೆ, ಪ್ರೋಟೀನೂ ಇದೆ. ಕಾಯಿ ಮಸಾಲೆಯನ್ನು ಅರ್ಧಕ್ಕೆ ಇಳಿಸಿ, ಅವರೆಯನ್ನು ಒಂದೂವರೆ ಪಟ್ಟು ಮಾಡಿ.

ಹಸಿವಿನ ಅಲೆ

ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೊಟ್ಟೆಯಲ್ಲಿ ಹುಟ್ಟುತ್ತದೆ. ನೀವು ದಿನವೂ ಉಣ್ಣುವ ಹೊತ್ತಿಗೆ ಸರಿಯಾಗಿ ಏರುತ್ತದೆ, ಉಣ್ಣದಿದ್ದರೂ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ನಾಲ್ಕು ಗಂಟೆಗೆ ದಿನವೂ ಬೋಂಡ ತಿಂದವರಿಗೆ ನಾಲ್ಕಕ್ಕೇ ಹೊಟ್ಟೆ ಚುರುಗುಟ್ಟುವುದು ಅದಕ್ಕೆ. ಊಟದ ಹೊತ್ತು ಬದಲಿಸಿದರೆ ಮೊದಲ ವಾರ ಕಷ್ಟ, ಆಮೇಲೆ ಅಲೆ ಹೊಸ ಹೊತ್ತಿಗೆ ಸರಿಯುತ್ತದೆ. ಆದ್ದರಿಂದ ಕ್ಯಾಲೊರಿಯನ್ನೂ ಊಟದ ಹೊತ್ತನ್ನೂ ಒಂದೇ ವಾರ ಬದಲಿಸಬೇಡಿ.

ಹಸಿವೋ ಬಾಯಿಚಪಲವೋ ತಿಳಿಯಲು ಒಂದು ಪ್ರಶ್ನೆ: ಈಗ ಬರೀ ಸೊಪ್ಪಿನ ಪಲ್ಯ ಕೊಟ್ಟರೆ ತಿನ್ನುತ್ತೀರಾ? ಹೌದಾದರೆ ಅದು ಹಸಿವು, ತಿನ್ನಿ. ಬೇಕರಿಯ ಪಫ್ ಮಾತ್ರ ಬೇಕು ಅನ್ನಿಸಿದರೆ ಒಂದು ಲೋಟ ಮಜ್ಜಿಗೆ ಕುಡಿದು ಇಪ್ಪತ್ತು ನಿಮಿಷ ಬಿಡಿ. ಅಮೆರಿಕದಲ್ಲಿ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಕಾದಷ್ಟು ತಿನ್ನಿ ಎಂದು ಬಿಟ್ಟಾಗ, ಕಾರ್ಖಾನೆಯಲ್ಲಿ ತಯಾರಾದ ಆಹಾರ ಸಿಕ್ಕವರು ಮಾಮೂಲಿ ಅಡುಗೆ ಉಂಡ ದಿನಗಳಿಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೂ ಊಟದಲ್ಲಿ ಬಡಿಸಿದ ಸಕ್ಕರೆ, ಕೊಬ್ಬು, ನಾರು ಸಮವಾಗಿತ್ತು. ಪ್ಯಾಕೆಟ್ ತಿಂಡಿಯ ಮುಂದೆ ಯಾರ ಮನಸ್ಸೂ ಸೋಲುತ್ತದೆ. ಅದನ್ನು ಮನೆಗೆ ತರದಿರುವುದೇ ಸುಲಭದ ದಾರಿ.

ನಿದ್ದೆಯ ಮಾತು ಬಂದಾಗ ವಸಂತನರಸಾಪುರ, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಶಿಫ್ಟ್ ಕೆಲಸದವರನ್ನು ನೆನೆಯಲೇಬೇಕು. 2022ರಲ್ಲಿ ಷಿಕಾಗೋದ ಸಂಶೋಧಕರು ಕಡಿಮೆ ನಿದ್ದೆ ಮಾಡುವವರ ನಿದ್ದೆಯನ್ನು ಒಂದು ಗಂಟೆಗೂ ಸ್ವಲ್ಪ ಹೆಚ್ಚು ಮಾಡಿಸಿದಾಗ, ಊಟದ ಬಗ್ಗೆ ಒಂದು ಮಾತೂ ಹೇಳದೆ ಅವರ ಸೇವನೆ ದಿನಕ್ಕೆ 270 ಕ್ಯಾಲೊರಿ ಇಳಿಯಿತು. ಮುದ್ದೆಯನ್ನು ಅರ್ಧ ಮಾಡಿದರೂ ಇಷ್ಟು ಉಳಿಯುವುದಿಲ್ಲ. ರಾತ್ರಿ ಪಾಳಿಯ ವಾರದಲ್ಲಿ ದೊಡ್ಡ ಊಟವನ್ನು ಪಾಳಿಗೆ ಹೋಗುವ ಮುಂಚೆ ಮುಗಿಸಿ. ನಡುರಾತ್ರಿಗೆ ಡಬ್ಬಿಯಲ್ಲಿ ಕಾಳಿನ ಉಸಲಿ, ಬೇಯಿಸಿದ ಮೊಟ್ಟೆ ಒಯ್ಯಿರಿ. ಬೆಳಿಗ್ಗೆ ಹಗುರಾಗಿ ಏನಾದರೂ ತಿಂದು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಿ. ಪಾಳಿ ಬದಲಾಗುವ ವಾರ ತೂಕ ಇಳಿಸುವ ಪ್ರಯತ್ನವನ್ನೇ ನಿಲ್ಲಿಸಿ, ಇದ್ದಂತೆ ಇರಲು ಬೇಕಾದಷ್ಟು ಉಣ್ಣಿ.

ದುಡಿಮೆ ಏರುವ ವಾರಗಳಿಗೂ ಇದೇ ಮಾತು. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಸೊಪ್ಪು ಕೊಯ್ದು ಹಾಕುವುದೇ ಕೆಲಸ, ಹಗಲು ರಾತ್ರಿ ಇರುವುದಿಲ್ಲ. ಆ ವಾರ ಬರುವ ಹಸಿವು ನಿಜವಾದ ಹಸಿವು. ಅರ್ಧ ಮುದ್ದೆ, ಒಂದು ಮೊಟ್ಟೆ ಹೆಚ್ಚಿಗೆ ತಿನ್ನಿ. ಆಗ 1,400ಕ್ಕೆ ಅಂಟಿಕೊಂಡು ಕೂತರೆ ಗೂಡು ಮಾರಿ ಬಂದ ಸಂಜೆ ಮೂರು ದಿನದ ಊಟ ಒಟ್ಟಿಗೆ ಒಳಗೆ ಹೋಗುತ್ತದೆ.

ತೂಕ ನಿಂತರೆ

ಮೂರು ವಾರದ ಸರಾಸರಿ ಕದಲದಿದ್ದರೆ ಮಾತ್ರ ನಿಂತಿದೆ ಅನ್ನಿ. ಮೊದಲು ನೋಟ್‌ಬುಕ್ ನೋಡಿ: ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಅಡುಗೆ ಮಾಡುವಾಗ ಬಾಯಿಗೆ ಹಾಕಿದ್ದು, ಮೂರನೇ ಕಾಫಿ, ಅಳೆಯದ ಎಣ್ಣೆ. ಬಹುತೇಕ ಅಲ್ಲೇ 200 ಕ್ಯಾಲೊರಿ ಸಿಗುತ್ತದೆ. ಸಿಗದಿದ್ದರೆ 100 ಕಡಿಮೆ ಮಾಡಿ, ಇಲ್ಲವೇ ಅರ್ಧ ಗಂಟೆ ನಡಿಗೆ ಹೆಚ್ಚಿಸಿ. ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ವೈದ್ಯರ ಕಣ್ಗಾವಲಿಲ್ಲದೆ ಹೋಗಬೇಡಿ. ಕೂದಲು ಉದುರುವುದು, ಮುಟ್ಟು ತಪ್ಪುವುದು, ಸದಾ ಚಳಿ, ಊಟದ ವಿಚಾರ ಬಿಟ್ಟರೆ ತಲೆಯಲ್ಲಿ ಬೇರೇನೂ ಇಲ್ಲದಿರುವುದು, ಇವುಗಳಲ್ಲಿ ಎರಡು ಕಂಡರೂ ಕಡಿತ ಅತಿಯಾಗಿದೆ. ಮುಟ್ಟು ತಪ್ಪಿದರೆ ಅದೊಂದೇ ಸಾಕು, ಕಡಿತ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇಳಿಕೆಯಿಂದ ನಿಲುಗಡೆಗೆ: ಎಲ್ಲರೂ ಜಾರುವ ಮೆಟ್ಟಿಲು

ಉದಾಹರಣೆಯ ಮಹಿಳೆ 60 ಕೆ.ಜಿ.ಗೆ ಬಂದರು ಅನ್ನಿ. ಸೂತ್ರಕ್ಕೆ ಹಾಕಿದರೆ ಈಗ ಅವರಿಗೆ ಬೇಕಾದ್ದು 1,700. ಹಳೆಯ 1,800 ಅಲ್ಲ. ಇಲ್ಲಿ ಎರಡು ಕತ್ತರಿಗಳಿವೆ. ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಇಳಿದ ಪ್ರತಿ ಕೆ.ಜಿ.ಗೆ ಮೈಯ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ತಗ್ಗುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಎಂಟು ಕೆ.ಜಿ. ಇಳಿಸಿದವರಿಗೆ ಖರ್ಚು ಇನ್ನೂರರಷ್ಟು ಕಡಿಮೆ, ಬಯಕೆ ಎಂಟು ನೂರು ಹೆಚ್ಚು. ಇದು ಒಂದೆರಡು ವಾರದಲ್ಲಿ ತಣ್ಣಗಾಗುವುದೂ ಇಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೂಕ ಇಳಿಸಿದವರ ರಕ್ತ ಪರೀಕ್ಷಿಸಿದಾಗ ಹಸಿವಿನ ಹಾರ್ಮೋನುಗಳು ಒಂದು ವರ್ಷವಾದರೂ ಹಿಂದಿನ ಮಟ್ಟಕ್ಕೆ ಮರಳಿರಲಿಲ್ಲ. ಎರಡನೇ ಮಹಾಯುದ್ಧದ ಕೊನೆಗೆ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ 36 ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಗಮನಿಸಿದ್ದರು. ಮತ್ತೆ ಊಟ ಕೊಟ್ಟಾಗ, ಕಳೆದ ತೂಕ ಮರಳಿದ ಮೇಲೂ ಹಲವರಿಗೆ ಹೊಟ್ಟೆ ತುಂಬಿತೆಂಬ ಭಾವನೆ ಬರಲಿಲ್ಲ. ಗುರಿ ಮುಟ್ಟಿದ ಮರುದಿನವೇ ‘ಇನ್ನು ಹೊಟ್ಟೆ ಕೇಳಿದಷ್ಟು ಉಣ್ಣೋಣ’ ಎಂದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ 1,400ರಿಂದ 1,700ಕ್ಕೆ ಮೂರು ಮೆಟ್ಟಿಲಲ್ಲಿ ಹೋಗಿ, ಒಂದೊಂದರ ಮೇಲೂ ಎರಡು ವಾರ ನಿಲ್ಲಿ. ಏನು ಸೇರಿಸುತ್ತೀರಿ ಎಂಬುದನ್ನು ಮುಂಚೆಯೇ ನಿಶ್ಚಯಿಸಿ. ‘ಸ್ವಲ್ಪ ಜಾಸ್ತಿ’ ಎಂದು ಬಿಟ್ಟರೆ ಅದಕ್ಕೆ ಕೊನೆಯಿಲ್ಲ.

1. ಮೊದಲ ಎರಡು ವಾರ 150 ಹೆಚ್ಚಿಸಿ: ಮುದ್ದೆಯ ಹಿಟ್ಟು 70ರಿಂದ 100 ಗ್ರಾಂ, ಜೊತೆಗೆ ಒಂದು ಏಲಕ್ಕಿ ಬಾಳೆಹಣ್ಣು.
2. ಮುಂದಿನ ಎರಡು ವಾರ ಇನ್ನೂ 100: ಸಂಜೆ ಹುರಿಗಡಲೆಯ ಜೊತೆ 20 ಗ್ರಾಂ ಕಡ್ಲೆಕಾಯಿ ಬೀಜ.
3. ಕೊನೆಗೆ ಇನ್ನೊಂದು 60: ರಾತ್ರಿ 100 ಮಿ.ಲೀ. ಹಾಲು, ಸಕ್ಕರೆ ಇಲ್ಲದೆ.

ಮೊದಲ ಮೆಟ್ಟಿಲಿನಲ್ಲೇ ತಕ್ಕಡಿ ಅರ್ಧದಿಂದ ಒಂದೂವರೆ ಕೆ.ಜಿ. ಹೆಚ್ಚು ತೋರಿಸಬಹುದು. ಬಹಳ ಜನ ಇಲ್ಲಿ ಹೆದರಿ ಮತ್ತೆ ಉಪವಾಸ ಬೀಳುತ್ತಾರೆ, ಅಥವಾ ಎಲ್ಲ ಹಾಳಾಯಿತು ಎಂದು ಕೈಬಿಡುತ್ತಾರೆ. ಲೆಕ್ಕ ನೋಡಿ: ದಿನಕ್ಕೆ 150ರಂತೆ ವಾರಕ್ಕೆ 1,050 ಕ್ಯಾಲೊರಿ. ಅಷ್ಟೂ ಕೊಬ್ಬಾದರೂ 140 ಗ್ರಾಂ ಮೀರುವುದಿಲ್ಲ. ಉಳಿದದ್ದು ನೀರು ಮತ್ತು ಕರುಳಿನಲ್ಲಿರುವ ಊಟದ ಭಾರ. ಮಾಂಸಖಂಡ, ಯಕೃತ್ತಿನಲ್ಲಿ ಖಾಲಿಯಾಗಿದ್ದ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ತುಂಬಿಕೊಳ್ಳುವಾಗ ಪ್ರತಿ ಗ್ರಾಂ ಜೊತೆ ಮೂರು ಗ್ರಾಂನಷ್ಟು ನೀರು ಹಿಡಿಯುತ್ತದೆ. ಮೂರನೇ ವಾರದ ಸರಾಸರಿಯಿಂದ ಮಾತ್ರ ತೀರ್ಪು ಕೊಡಿ. ಆಗ ಬಂದ ತೂಕಕ್ಕೆ ಒಂದು ಕೆ.ಜಿ. ಮೇಲೆ, ಒಂದು ಕೆ.ಜಿ. ಕೆಳಗೆ ಗೆರೆ ಎಳೆಯಿರಿ. ವಾರದ ಸರಾಸರಿ ಮೇಲಿನ ಗೆರೆ ದಾಟಿದರೆ ಕೊನೆಯ ಮೆಟ್ಟಿಲನ್ನು ಎರಡು ವಾರ ಹಿಂದಕ್ಕೆ ತೆಗೆಯಿರಿ.

ತಕ್ಕಡಿ, ನೋಟ್‌ಬುಕ್ಕನ್ನು ಈ ಹೊತ್ತಿನಲ್ಲೇ ಅಟ್ಟಕ್ಕೆ ಹಾಕುವುದು ದೊಡ್ಡ ತಪ್ಪು. ಇನ್ನೂ ಒಂದು ವರ್ಷ ವಾರಕ್ಕೆ ಮೂರು ದಿನವಾದರೂ ತೂಕ ನೋಡಿ. ಪ್ರೋಟೀನ್, ಬಡಿಸುವ ಕ್ರಮ, ದಿನದ ನಡಿಗೆ ಹಾಗೇ ಇರಲಿ. ಸೆಮಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ನಿಂದ ಇಳಿಸಿದವರಿಗೆ ಈ ಭಾಗ ಇನ್ನೂ ಮುಖ್ಯ. ಔಷಧಿ ನಿಲ್ಲಿಸಿದ ಮೇಲೆ ಅದು ತಡೆದಿದ್ದ ಹಸಿವು ವಾಪಸ್ ಬರುತ್ತದೆ. ಯಾವಾಗ, ಹೇಗೆ ನಿಲ್ಲಿಸಬೇಕೆಂಬುದನ್ನು ಬರೆದುಕೊಟ್ಟ ವೈದ್ಯರ ಜೊತೆಯೇ ಕೂತು ತೀರ್ಮಾನಿಸಿ.

ಹೊಸತೊಡಕು, ಊರ ಜಾತ್ರೆ, ಬೀಗರ ಬಾಡೂಟ ಬಂದೇ ಬರುತ್ತವೆ. ಆ ಬೆಳಿಗ್ಗೆ ಉಪವಾಸ ಇದ್ದು ಹೋಗಬೇಡಿ, ತಿಂಡಿಗೆ ಮೊಟ್ಟೆಯೋ ಕಾಳೋ ತಿಂದು ಹೋಗಿ. ಊಟದಲ್ಲಿ ಮಾಂಸದ ತುಂಡು ಮೊದಲು, ಮುದ್ದೆ ಒಂದು, ಬಿರಿಯಾನಿ ರುಚಿಗೆ. ಮರುದಿನ ಎಂದಿನ ಊಟ, ಶಿಕ್ಷೆ ಬೇಡ. ಒಂದು ಹೊತ್ತಿನ ಬಾಡೂಟದಿಂದ ಆಗುವ ನಷ್ಟ ಚಿಕ್ಕದು. ಅದಕ್ಕೆ ಪ್ರಾಯಶ್ಚಿತ್ತವೆಂದು ಮಾಡುವ ಉಪವಾಸ, ಆ ಉಪವಾಸ ಮುರಿದಾಗ ಆಗುವ ತಿನ್ನಾಟ ದೊಡ್ಡದು.

ಏರಿಸಬೇಕಾದವರಿಗೆ

22ರ ಹುಡುಗ, 170 ಸೆಂ.ಮೀ., 50 ಕೆ.ಜಿ. ಬಿಎಂಐ 17.3. ತೋಟದ ಕೆಲಸ ಮಾಡುತ್ತಾನೆ. ಅವನಿಗೆ ಇದ್ದಂತೆ ಇರಲು 2,260 ಬೇಕು, ಏರಲು 2,550. ಇವನ ತೊಂದರೆ ತದ್ವಿರುದ್ಧ: ಹಸಿವು ಬೇಗ ತೀರುತ್ತದೆ. ಮೇಲೆ ಹೇಳಿದ್ದನ್ನೆಲ್ಲ ಇಲ್ಲಿ ತಿರುಗಿಸಿ ಹಾಕಬೇಕು. ಊಟಕ್ಕೆ ಮುಂಚೆ ಸಾರು, ಮಜ್ಜಿಗೆ, ನೀರು ಕುಡಿಯಬಾರದು. ಮುದ್ದೆ ಮತ್ತು ಕಾಳು ಮೊದಲು, ಸೊಪ್ಪು ಆಮೇಲೆ. ಹಸಿವಿಗೆ ಕಾಯದೆ ಮೂರು ಗಂಟೆಗೊಮ್ಮೆ ಗಡಿಯಾರ ನೋಡಿ ತಿನ್ನಬೇಕು.

ದಿನಕ್ಕೆ 300 ಸೇರಿಸಲು ಅಂಗಡಿಯ ಪ್ರೋಟೀನ್ ಡಬ್ಬಿ ಬೇಕಿಲ್ಲ. ಹುರಿದ ಕಡ್ಲೆಕಾಯಿ ಬೀಜ 25 ಗ್ರಾಂ, ಬೆಲ್ಲ 15 ಗ್ರಾಂ, ತಿಪಟೂರಿನ ಕೊಬ್ಬರಿ 10 ಗ್ರಾಂ ಕುಟ್ಟಿ ಉಂಡೆ ಕಟ್ಟಿದರೆ 250 ಕ್ಯಾಲೊರಿ, ಜೊತೆಗೆ ಅರ್ಧ ಲೋಟ ಹಾಲು. ಅಂಗೈಯಲ್ಲಿ ಹಿಡಿಯುವಷ್ಟೇ ಇರುವುದರಿಂದ ಮುಂದಿನ ಊಟದ ಹಸಿವನ್ನು ಕೊಲ್ಲುವುದಿಲ್ಲ. ಅಥವಾ 25 ಗ್ರಾಂ ರಾಗಿಹಿಟ್ಟು, 200 ಮಿ.ಲೀ. ಹಾಲು, 15 ಗ್ರಾಂ ಬೆಲ್ಲದ ಮಾಲ್ಟ್, 260ರಷ್ಟು. ಕುಡಿಯುವ ಕ್ಯಾಲೊರಿ ಅಗಿದು ತಿನ್ನುವುದರಷ್ಟು ಹೊಟ್ಟೆ ತುಂಬಿಸುವುದಿಲ್ಲ. ಏರಿಸುವವನಿಗೆ ಅದು ವರ, ಇಳಿಸುವವರು ‘ರಾಗಿ ಆರೋಗ್ಯಕ್ಕೆ ಒಳ್ಳೆಯದು’ ಎಂದು ಅದನ್ನೇ ಕುಡಿದರೆ ಅಂದಿನ ಕಡಿತದ ಮೂರರಲ್ಲಿ ಎರಡು ಭಾಗ ಅಲ್ಲೇ ಹೋಯಿತು. ಇಲ್ಲೂ ಮೆಟ್ಟಿಲು ಬೇಕು: ಮೊದಲ ವಾರ 150, ಮುಂದಿನ ವಾರ ಇನ್ನು 150. ಒಂದೇ ಸಲ ಏರಿಸಿದರೆ ಹೊಟ್ಟೆಯುಬ್ಬರ, ಅಜೀರ್ಣವಾಗಿ ನಾಲ್ಕನೇ ದಿನ ಬಿಟ್ಟುಬಿಡುತ್ತಾರೆ. ವಾರಕ್ಕೆ 200ರಿಂದ 250 ಗ್ರಾಂ ಏರಿದರೆ ಸಾಕು. ದಂಡ, ಬಸ್ಕಿ, ಭಾರ ಎತ್ತುವುದು ವಾರಕ್ಕೆ ಮೂರು ದಿನ ಇಲ್ಲದಿದ್ದರೆ ಏರುವುದು ಹೆಚ್ಚಾಗಿ ಹೊಟ್ಟೆಯ ಕೊಬ್ಬು.

ಏರಿಕೆಯಿಂದ ಮತ್ತೆ ಇಳಿಕೆಗೆ

ಜಿಮ್‌ಗೆ ಹೋಗುವ ಹುಡುಗರು ಆರು ತಿಂಗಳು ಏರಿಸಿ ಆಮೇಲೆ ಇಳಿಸಲು ಹೊರಡುತ್ತಾರೆ. ಅಷ್ಟರಲ್ಲಿ ಐದು ಹೊತ್ತಿನ ಅಭ್ಯಾಸ ಬೇರೂರಿ ಗ್ರೆಲಿನ್ ಐದೂ ಹೊತ್ತಿಗೆ ಏಳುತ್ತಿರುತ್ತದೆ. ನೇರವಾಗಿ 2,900ರಿಂದ 2,000ಕ್ಕೆ ಬಿದ್ದರೆ ಮೊದಲ ವಾರದಲ್ಲೇ ಸೋಲು. ಎರಡು ವಾರ ನಿಲುಗಡೆಯ ಅಂಕಿಯಲ್ಲಿ ನಿಲ್ಲಿ. ಆ ಎರಡು ವಾರದಲ್ಲಿ ತೆಗೆಯಬೇಕಾದ್ದು ಕುಡಿಯುವ ಕ್ಯಾಲೊರಿ ಮಾತ್ರ, ಮಾಲ್ಟ್, ಬಾಳೆಹಣ್ಣಿನ ಶೇಕ್, ಸಕ್ಕರೆ ಹಾಕಿದ ಹಾಲು. ಅಗಿಯುವ ಊಟ ಹಾಗೇ ಇರುವುದರಿಂದ ಹೊಟ್ಟೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮೂರನೇ ವಾರ ಉಂಡೆಯ ಜಾಗಕ್ಕೆ ಸೀಬೆಹಣ್ಣು, ಮೊಳಕೆ ಹೆಸರುಕಾಳು ಬರಲಿ, ಹೊತ್ತು ಅದೇ ಇರಲಿ. ಐದನೇ ವಾರದಿಂದ ಮುದ್ದೆಯ ಗಾತ್ರ ಇಳಿಸಿ. ಪ್ರೋಟೀನನ್ನೂ ಭಾರ ಎತ್ತುವುದನ್ನೂ ಕೊನೆಯವರೆಗೆ ಮುಟ್ಟಬೇಡಿ. ಹಸಿವು ತಡೆಯಲಾಗದಷ್ಟು ಇದ್ದರೆ ಕಡಿತವನ್ನು 300ಕ್ಕೆ ತಗ್ಗಿಸಿ, ಎರಡು ತಿಂಗಳು ಹೆಚ್ಚು ಹಿಡಿಯಲಿ.